ಗಾಯವಾದಾಗ ರಕ್ತ ನಿಲ್ಲುವ ಬಗೆ, ನಾವು ಒತ್ತಿ ಹಿಡಿಯುವ ಬಗೆ

ಬೆರಳು ಕೊಯ್ದುಕೊಂಡವರನ್ನು ಗಮನಿಸಿ. ಬಟ್ಟೆ ಒತ್ತುತ್ತಾರೆ, ಅರ್ಧ ನಿಮಿಷಕ್ಕೆ ಎತ್ತಿ ನೋಡುತ್ತಾರೆ, ಇನ್ನೂ ಜಿನುಗುತ್ತಿದೆ ಎಂದು ಗಾಬರಿಯಾಗಿ ಮತ್ತೆ ಒತ್ತುತ್ತಾರೆ, ಮತ್ತೆ ಎತ್ತುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದದ್ದು ಅರ್ಧ ಗಂಟೆಯ ರಗಳೆಯಾಗುತ್ತದೆ. ರಕ್ತ ನಿಲ್ಲಿಸುವುದು ದೇಹದ ಕೆಲಸ. ಅದಕ್ಕೆ ಬೇಕಾದ ಸಾಮಾನೆಲ್ಲ ರಕ್ತದಲ್ಲೂ ನಾಳದ ಗೋಡೆಯಲ್ಲೂ ಮೊದಲೇ ಸಿದ್ಧವಾಗಿರುತ್ತದೆ. ಹೊರಗಿನಿಂದ ನಾವು ಕೊಡಬೇಕಾದದ್ದು ಅಡ್ಡಿಯಿಲ್ಲದ ಒಂದಿಷ್ಟು ಸಮಯ. ಒಳಗೆ ಯಾವಾಗ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಬಟ್ಟೆ ಎತ್ತಿ ನೋಡುವ ಕೈ ತಾನಾಗಿ ಸುಮ್ಮನಾಗುತ್ತದೆ.

ಈ ಲೇಖನ ಓದುತ್ತಿರುವಾಗಲೇ ಯಾರಿಗಾದರೂ ರಕ್ತ ಸುರಿಯುತ್ತಿದ್ದರೆ ಓದುವುದನ್ನು ಇಲ್ಲಿಗೇ ಬಿಡಿ. ಕೈಗೆ ಸಿಕ್ಕ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ, ಪಕ್ಕದವರಿಂದ ಆಂಬುಲೆನ್ಸಿಗೆ ಕರೆ ಮಾಡಿಸಿ. ಕಾರಣ ಆಮೇಲೆ ತಿಳಿದುಕೊಂಡರಾಯಿತು.

ಮೊದಲು: ಇದು ಎಂಥ ರಕ್ತ?

ಗಾಯ ಕಂಡೊಡನೆ ಒಂದೆರಡು ಸೆಕೆಂಡು ರಕ್ತ ಬರುವ ರೀತಿಯನ್ನು ನೋಡಿ. ಉಜ್ಜಿ ತರಚಿದ ಜಾಗದಲ್ಲಿ ಸಣ್ಣ ಸಣ್ಣ ಹನಿಯಾಗಿ ಜಿನುಗುವುದು ಲೋಮನಾಳಗಳ ರಕ್ತ. ಅದು ನಾವು ಏನೂ ಮಾಡದಿದ್ದರೂ ನಿಲ್ಲುತ್ತದೆ. ಕಪ್ಪುಗೆಂಪಾಗಿ ಒಂದೇ ಸಮನೆ ಹರಿಯುವುದು ಅಭಿಧಮನಿಯದು. ಹೊಳೆಯುವ ಕೆಂಪಾಗಿ, ನಾಡಿ ಬಡಿತದ ಜೊತೆ ಚಿಮ್ಮಿ ಚಿಮ್ಮಿ ಬರುವುದು ಅಪಧಮನಿಯದು. ಈ ಕೊನೆಯದರಲ್ಲಿ ಕಾಯುತ್ತ ಕೂರುವಂತಿಲ್ಲ. ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು.

ಎಷ್ಟು ರಕ್ತ ಹೋಯಿತು ಎಂಬ ಅಂದಾಜು ಬಹಳ ಸಲ ತಪ್ಪುತ್ತದೆ. ಹೊಳೆಯುವ ನೆಲದ ಮೇಲೆ ಅರ್ಧ ಲೋಟ ರಕ್ತ ಚೆಲ್ಲಿದರೂ ಕೊಲೆಯಾದಂತೆ ಕಾಣುತ್ತದೆ. ಆದರೆ ಅರ್ಧ ಲೀಟರ್ ರಕ್ತವನ್ನೇ ದಪ್ಪ ಹಾಸಿಗೆಯೋ ಮಣ್ಣೋ ಹೀರಿಕೊಂಡರೆ ಗೊತ್ತೇ ಆಗುವುದಿಲ್ಲ. ದೊಡ್ಡವರ ಮೈಯಲ್ಲಿ ಪ್ರತಿ ಕಿಲೊ ತೂಕಕ್ಕೆ ಸುಮಾರು 70 ಮಿಲಿಲೀಟರ್, ಒಟ್ಟು 5 ಲೀಟರ್ ಆಸುಪಾಸು ರಕ್ತ ಇರುತ್ತದೆ. ಆರೋಗ್ಯವಂತರು ಅದರಲ್ಲಿ ಅರ್ಧ ಲೀಟರಿನಷ್ಟು ಕಳೆದುಕೊಂಡರೆ ತಡೆದುಕೊಳ್ಳುತ್ತಾರೆ. ಮಕ್ಕಳ ಲೆಕ್ಕವೇ ಬೇರೆ. 10 ಕಿಲೊ ತೂಕದ ಮಗುವಿನಲ್ಲಿ ಇರುವುದೇ 800 ಮಿಲಿಲೀಟರ್ ಸುಮಾರು, ಅಂದರೆ ಒಂದು ಲೋಟ ಹೋದರೆ ಕಾಲು ಪಾಲು ಹೋದಂತೆ. ಆದ್ದರಿಂದ ನೆಲ ನೋಡುವುದಕ್ಕಿಂತ ಮನುಷ್ಯನನ್ನು ನೋಡುವುದು ಮೇಲು. ಮುಖ ಬಿಳಿಚಿಕೊಂಡಿದೆಯೇ, ಚರ್ಮ ತಣ್ಣಗಾಗಿ ಬೆವೆತಿದೆಯೇ, ನಾಡಿ ಓಡುತ್ತಿದೆಯೇ, ಬಾಯಾರಿಕೆ ಎನ್ನುತ್ತಿದ್ದಾರೆಯೇ, ಮಾತು ತಡವರಿಸುತ್ತಿದೆಯೇ ನೋಡಿ. ಇವು ಕಂಡರೆ ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆಯ ಮಾತೇ.

ಮೊದಲ ಸೆಕೆಂಡುಗಳು: ನಾಳ ತಾನೇ ಕುಗ್ಗುತ್ತದೆ

ಹರಿತ ಬ್ಲೇಡು ತಾಗಿದ ಬೆರಳನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲು ಬರೀ ಬಿಳಿ ಗೆರೆ. ಒಂದು ಕ್ಷಣ ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಆಮೇಲೆ ಗೆರೆಯುದ್ದಕ್ಕೂ ಸಾಸಿವೆಯಷ್ಟು ಕೆಂಪು ಹನಿಗಳು ಏಳುತ್ತವೆ, ಒಂದಕ್ಕೊಂದು ಕೂಡಿಕೊಂಡು ಹರಿಯುತ್ತವೆ. ಕತ್ತರಿಸಿಕೊಂಡ ನಾಳಗಳ ಗೋಡೆಯಲ್ಲಿರುವ ಸ್ನಾಯು ಪೆಟ್ಟು ಬಿದ್ದೊಡನೆ ಬಿಗಿದುಕೊಳ್ಳುತ್ತದೆ. ಸಂಪೂರ್ಣ ತುಂಡಾದ ಸಣ್ಣ ಅಪಧಮನಿಯ ತುದಿ ಮಾಂಸದೊಳಕ್ಕೆ ಸರಿದು ಮುದುಡಿಕೊಳ್ಳುವುದೂ ಉಂಟು. ಅರ್ಧ ಮಾತ್ರ ಸೀಳಿದ ನಾಳಕ್ಕೆ ಈ ಸೌಕರ್ಯವಿಲ್ಲ. ಅದು ಹಿಂದೆ ಸರಿಯಲಾರದೆ ಬಾಯಿ ತೆರೆದುಕೊಂಡೇ ಇರುತ್ತದೆ, ಹಾಗಾಗಿ ಕೆಲವೊಮ್ಮೆ ಪೂರ್ತಿ ತುಂಡಾದದ್ದಕ್ಕಿಂತ ಹೆಚ್ಚು ಸುರಿಸುತ್ತದೆ.

ಜಜ್ಜಿದ ಗಾಯಕ್ಕಿಂತ ಹರಿತವಾಗಿ ಕೊಯ್ದ ಗಾಯದಲ್ಲಿ ರಕ್ತ ಹೆಚ್ಚು ಹೋಗುವುದು ಇದೇ ಕಾರಣಕ್ಕೆ. ಪೆಟ್ಟು ಹೆಚ್ಚಾದಷ್ಟೂ ನಾಳ ಬಿಗಿಯುವುದು ಹೆಚ್ಚು. ಸಣ್ಣ ನಾಳಗಳಲ್ಲಿ ಈ ಬಿಗಿತ ನಿಮಿಷಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಆದರೆ ಇದು ರಕ್ತದ ಹರಿವನ್ನು ಕಡಿಮೆ ಮಾಡುತ್ತದೆಯೇ ಹೊರತು ತೂತು ಮುಚ್ಚುವುದಿಲ್ಲ.

ಮುಂದಿನ ನಿಮಿಷ: ಪ್ಲೇಟ್‌ಲೆಟ್‌ಗಳ ಮೊದಲ ಬಿರಡೆ

ತೂತು ಮುಚ್ಚಲು ಮೊದಲು ಬರುವುದು ಪ್ಲೇಟ್‌ಲೆಟ್. ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್ಲರೂ ಕಂಡ ಹೆಸರು. ಒಂದು ಮೈಕ್ರೊಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಒಂದೊಂದರ ಅಗಲ 2ರಿಂದ 3 ಮೈಕ್ರೊಮೀಟರ್, ಅಂದರೆ ಕೆಂಪು ರಕ್ತಕಣದ ಅರ್ಧಕ್ಕಿಂತ ಕಡಿಮೆ. ಇವು ಪೂರ್ಣ ಜೀವಕೋಶಗಳಲ್ಲ. ಮೂಳೆಮಜ್ಜೆಯ ದೈತ್ಯ ಕೋಶಗಳಿಂದ ಉದುರಿದ ಚೂರುಗಳು, ಒಳಗೆ ಕೋಶಕೇಂದ್ರವೂ ಇಲ್ಲ. ಆಯುಸ್ಸು 8ರಿಂದ 10 ದಿನ. ದಿನವೂ ಸುಮಾರು ಹತ್ತು ಸಾವಿರ ಕೋಟಿಯಷ್ಟು ಹೊಸವು ತಯಾರಾಗುತ್ತಲೇ ಇರುತ್ತವೆ. ರಕ್ತದಲ್ಲಿ ಇವುಗಳಿಗೊಂದು ಕೆಲಸವಿದೆ ಎಂದು 1882ರಲ್ಲಿ ತೋರಿಸಿಕೊಟ್ಟವರು ಇಟಲಿಯ ಜೂಲಿಯೊ ಬಿಟ್ಜೊಜೆರೊ.

ನಾಳದ ಒಳಮೈ ಚೆನ್ನಾಗಿರುವಾಗ ಅದು ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಮುಂತಾದವನ್ನು ಬಿಡುತ್ತ ಪ್ಲೇಟ್‌ಲೆಟ್‌ಗಳನ್ನು ದೂರವಿಡುತ್ತದೆ. ಆ ಒಳಮೈ ಹರಿದೊಡನೆ ಅದರಡಿಯ ಕೊಲಾಜೆನ್ ನಾರು ರಕ್ತಕ್ಕೆ ತಾಗುತ್ತದೆ. ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೊಟೀನು ಕೊಲಾಜೆನ್ನಿಗೆ ಅಂಟಿಕೊಂಡು, ಹರಿದು ಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್ ತಟ್ಟೆಯಾಕಾರ ಬಿಟ್ಟು ಮೈತುಂಬ ಮುಳ್ಳು ಚಾಚುತ್ತದೆ, ಎಡಿಪಿ, ಥ್ರಾಂಬಾಕ್ಸೇನ್ ಎಂಬ ರಾಸಾಯನಿಕಗಳನ್ನು ಹೊರಗೆ ಸುರಿದು ಉಳಿದವನ್ನು ಕರೆಯುತ್ತದೆ. ಬಂದವು ಒಂದಕ್ಕೊಂದು ಅಂಟಿಕೊಂಡು ಗುಡ್ಡೆಯಾಗುತ್ತವೆ. ತೂತಿಗೆ ಬಿದ್ದ ಮೊದಲ ಬಿರಡೆ ಇದೇ.

ದಿನನಿತ್ಯ ನಮಗರಿವಿಲ್ಲದಂತೆ ಆಗುವ ಸಾವಿರಾರು ಸೂಕ್ಷ್ಮ ಬಿರುಕುಗಳಿಗೆ ಈ ಬಿರಡೆಯೇ ಸಾಕು. ಕಣ್ಣಿಗೆ ಕಾಣುವ ಗಾಯಕ್ಕೆ ಸಾಲದು. ಅದು ಮೆತ್ತಗಿರುತ್ತದೆ. ಗಾಯದ ಮೇಲೆ ಉಜ್ಜಿ ಒರೆಸಿದರೆ, ಬಟ್ಟೆ ಎತ್ತಿ ನೋಡಿದರೆ ಬಿರಡೆ ಬಟ್ಟೆಯ ಜೊತೆಯೇ ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಅದಕ್ಕೇ ಗಾಯವನ್ನು ಒರೆಸಬಾರದು, ಒತ್ತಬೇಕು.

ಮೂರರಿಂದ ಹತ್ತು ನಿಮಿಷ: ಬಲೆ ಹೆಣೆಯುವ ಹೊತ್ತು

ಪ್ಲೇಟ್‌ಲೆಟ್ ಗುಡ್ಡೆಯನ್ನು ಗಟ್ಟಿ ಮಾಡುವುದು ಫೈಬ್ರಿನ್. ರಕ್ತದಲ್ಲಿ ಅದು ಯಾವಾಗಲೂ ಫೈಬ್ರಿನೋಜೆನ್ ಎಂಬ ಕರಗಿದ ರೂಪದಲ್ಲಿ ಓಡಾಡುತ್ತಿರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದರ ತುದಿಗಳನ್ನು ಕತ್ತರಿಸಿದೊಡನೆ ಎಳೆಗಳಾಗಿ ಜೋಡಿಕೊಂಡು ಬಲೆಯಾಗುತ್ತದೆ, ಆ ಬಲೆಯಲ್ಲಿ ಕೆಂಪು ಕಣಗಳು ಸಿಕ್ಕಿಬೀಳುತ್ತವೆ. ಕೊನೆಗೆ 13ನೆಯ ಅಂಶ (ಹೆಪ್ಪುಗಟ್ಟಲು ನೆರವಾಗುವ ರಕ್ತದ ಪ್ರೊಟೀನುಗಳಿಗೆ ಹೀಗೆ ಅಂಕಿ ಕೊಟ್ಟಿದ್ದಾರೆ) ಬಂದು ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ.

ಹಾಗಾದರೆ ಥ್ರಾಂಬಿನ್ ಎಲ್ಲಿಂದ ಬಂತು? ಅದೂ ಪ್ರೊಥ್ರಾಂಬಿನ್ ಎಂಬ ನಿದ್ದೆಯ ರೂಪದಲ್ಲಿ ರಕ್ತದಲ್ಲೇ ಇರುತ್ತದೆ. ನಾಳದ ಹೊರಗಿನ ಅಂಗಾಂಶದಲ್ಲಿ ಮಾತ್ರ ಇರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೊಟೀನು ಗಾಯದಿಂದಾಗಿ ರಕ್ತಕ್ಕೆ ತಾಗುತ್ತದೆ. ಅದು 7ನೆಯ ಅಂಶವನ್ನು ಹಿಡಿದು 10ನೆಯದನ್ನು ಎಬ್ಬಿಸುತ್ತದೆ, 10ನೆಯದು 5ನೆಯದರ ಜೊತೆ ಸೇರಿ ಪ್ರೊಥ್ರಾಂಬಿನ್ನನ್ನು ಎಬ್ಬಿಸುತ್ತದೆ. ಮೊದಲು ಹುಟ್ಟಿದ ಚೂರು ಥ್ರಾಂಬಿನ್ ಹಿಂದಕ್ಕೆ ತಿರುಗಿ 5, 8, 11ನೆಯ ಅಂಶಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಇನ್ನಷ್ಟು ಕೆರಳಿಸುವುದರಿಂದ ಮುಂದಿನದು ಪ್ರವಾಹದಂತೆ ಬರುತ್ತದೆ. ಇಷ್ಟಕ್ಕೂ ಕ್ಯಾಲ್ಸಿಯಂ ಬೇಕು. ರಕ್ತದಾನದ ಚೀಲದಲ್ಲಿ ರಕ್ತ ಹೆಪ್ಪುಗಟ್ಟದಿರುವುದು ಅಲ್ಲಿ ಹಾಕಿದ ಸಿಟ್ರೇಟ್ ಈ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದರಿಂದ.

ಅಂಶಗಳ ಅಂಕಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅವು ಕೆಲಸ ಮಾಡುವ ಕ್ರಮದಲ್ಲಿಲ್ಲ, ಬೆಳಕಿಗೆ ಬಂದ ಕ್ರಮದಲ್ಲಿವೆ. ಪ್ರಾಯೋಗಿಕವಾಗಿ ನೆನಪಿಡಬೇಕಾದದ್ದು ಹೊತ್ತು ಮಾತ್ರ. ಗಾಯ ಜೋರಾಗಿದ್ದರೆ 15-20 ಸೆಕೆಂಡಿಗೇ, ಸಣ್ಣದಾಗಿದ್ದರೆ 1-2 ನಿಮಿಷಕ್ಕೆ ಹೆಪ್ಪು ಮೂಡಲು ತೊಡಗುತ್ತದೆ. ತೂತು ತೀರಾ ದೊಡ್ಡದಲ್ಲದಿದ್ದರೆ 3ರಿಂದ 6 ನಿಮಿಷದೊಳಗೆ ಪೂರ್ತಿ ತುಂಬಿಕೊಳ್ಳುತ್ತದೆ. 20 ನಿಮಿಷದಿಂದ ಒಂದು ಗಂಟೆಯಲ್ಲಿ ಹೆಪ್ಪು ತಾನೇ ಕುಗ್ಗಿ, ಒಳಗಿನ ಹಳದಿ ನೀರನ್ನು ಹಿಂಡಿ ಹೊರಹಾಕಿ, ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಗಾಯದ ಸುತ್ತ ಒಂದು ಗಂಟೆಯ ಮೇಲೆ ಕಾಣುವ ತಿಳಿ ಹಳದಿ ಒದ್ದೆಯನ್ನು ಕೀವು ಎಂದುಕೊಂಡು ಹೆದರುವವರಿದ್ದಾರೆ. ಅಷ್ಟು ಬೇಗ ಕೀವು ಆಗುವುದಿಲ್ಲ, ಅದು ಈ ಸೀರಂ.

ಈ ಬಲೆ ಕಟ್ಟುವುದನ್ನು ವೈದ್ಯರು ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸುವ ಒಂದು ಸರಳ ವಿಧಾನವಿದೆ. ಹಾವು ಕಚ್ಚಿದವರ 2 ಮಿಲಿಲೀಟರ್ ರಕ್ತವನ್ನು ಸ್ವಚ್ಛ, ಒಣ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ಹೆಪ್ಪುಗಟ್ಟುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ಮಂಡಲ ಜಾತಿಯ ಹಾವುಗಳ ವಿಷದ ಗುರುತದು. ನಳಿಕೆ ಗಾಜಿನದ್ದೇ ಆಗಬೇಕು. ಗಾಜಿನ ಮೈ 12ನೆಯ ಅಂಶವನ್ನು ಕೆರಳಿಸುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣ ಅಷ್ಟಿಲ್ಲ. ತಮಾಷೆಯೆಂದರೆ ಆ 12ನೆಯ ಅಂಶ ಮೈಯೊಳಗೆ ಇಲ್ಲದಿದ್ದರೂ ಮನುಷ್ಯರಿಗೆ ರಕ್ತಸ್ರಾವದ ತೊಂದರೆ ಬರುವುದಿಲ್ಲ.

ಒತ್ತಿ ಹಿಡಿಯುವ ಕ್ರಮ

ಒತ್ತಡ ಏನು ಮಾಡುತ್ತದೆ ಎಂದು ಈಗ ಹೇಳಬಹುದು. ಒಡೆದ ಪೈಪಿಗೆ ಅಂಟು ಹಚ್ಚುವವನು ಮೊದಲು ನಲ್ಲಿ ತಿರುಗಿಸಿ ನೀರು ಕಡಿಮೆ ಮಾಡುತ್ತಾನಲ್ಲ, ಅದೇ ಕೆಲಸ. ಹರಿವು ಜೋರಾಗಿದ್ದರೆ ಪ್ಲೇಟ್‌ಲೆಟ್ಟೂ ಥ್ರಾಂಬಿನ್ನೂ ಕೊಚ್ಚಿಕೊಂಡು ಹೋಗುತ್ತವೆ. ಒತ್ತಿದಾಗ ಅವು ಗಾಯದಲ್ಲೇ ಉಳಿದು ಬಲೆ ಹೆಣೆಯುತ್ತವೆ.

1. ಸಾಧ್ಯವಿದ್ದರೆ ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಆದೀತು. ಗಾಯಗೊಂಡವರಿಗೆ ಎಚ್ಚರವಿದ್ದರೆ ಅವರ ಕೈಯಿಂದಲೇ ಒತ್ತಿಸಿ.

2. ಒತ್ತುವ ಮೊದಲು ಉಡುಪು ಸರಿಸಿ ರಕ್ತ ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ಕಾಣಿ. ಇಡೀ ಅಂಗೈಯನ್ನು ಅಂದಾಜಿನ ಮೇಲೆ ಇಟ್ಟು ಒತ್ತುವುದಕ್ಕಿಂತ ಸರಿಯಾದ ಬಿಂದುವಿನ ಮೇಲೆ ಎರಡು ಬೆರಳು ಒತ್ತುವುದು ಎಷ್ಟೋ ವಾಸಿ. ಫಲ ಕೊಡದ ಪ್ರಥಮ ಚಿಕಿತ್ಸೆ ಬಹಳ ಸಲ ಇಲ್ಲೇ ತಪ್ಪಿರುತ್ತದೆ.

3. ಗಾಜ್ ಪಟ್ಟಿ (ಗಾಯಕ್ಕೆ ಬಳಸುವ ಜಾಳು ಬಟ್ಟೆ) ಅಥವಾ ಶುಭ್ರ ಬಟ್ಟೆಯನ್ನು ಮಡಿಸಿ ಇಟ್ಟು ಬಲವಾಗಿ ಒತ್ತಿ. ಹತ್ತಿಯ ಉಂಡೆ ಬೇಡ, ಎಳೆಗಳು ಹೆಪ್ಪಿನೊಳಗೆ ಸಿಕ್ಕಿಕೊಳ್ಳುತ್ತವೆ. ಪುಡಿ, ಪೇಸ್ಟುಗಳೂ ಬೇಡ. ಅವು ಗಾಯದೊಳಗೆ ಕೊಳೆಯಾಗಿ ಉಳಿಯುತ್ತವೆ, ಆಮೇಲೆ ಹೊಲಿಗೆ ಹಾಕುವವರು ಅದನ್ನೆಲ್ಲ ಕೆರೆದು ತೆಗೆಯಬೇಕು.

4. ಗಡಿಯಾರ ನೋಡಿ ಹತ್ತು ನಿಮಿಷ. ನಡುವೆ ಒಮ್ಮೆಯೂ ಎತ್ತಬೇಡಿ. ಮನಸ್ಸಿನ ಅಂದಾಜಿಗೆ ಎರಡು ನಿಮಿಷವೇ ಹತ್ತರಂತೆ ಕಾಣುವುದರಿಂದ ಗಡಿಯಾರವನ್ನೇ ನಂಬಿ.

5. ಬಟ್ಟೆ ತೊಯ್ದು ರಕ್ತ ಮೇಲೆ ಬಂದರೆ ಅದನ್ನು ಕೀಳದೆ ಮೇಲೊಂದು ಬಟ್ಟೆ ಇಟ್ಟು ಇನ್ನೂ ಜೋರಾಗಿ ಒತ್ತಿ. ಆದರೂ ಒಂದರ ಮೇಲೊಂದು ಬಟ್ಟೆ ತೊಯ್ಯುತ್ತಲೇ ಹೋದರೆ ಒತ್ತಡ ಸರಿಯಾದ ಜಾಗಕ್ಕೆ ಬಿದ್ದಿಲ್ಲ. ಆಗ ಮಾತ್ರ ಎಲ್ಲ ತೆಗೆದು, ಬಿಂದು ಹುಡುಕಿ, ಹೊಸದಾಗಿ ಒತ್ತಿ.

6. ನಿಂತ ಮೇಲೆ ಅದರ ಮೇಲೆಯೇ ಬ್ಯಾಂಡೇಜು ಸುತ್ತಿ. ಬೆರಳ ತುದಿ ನೀಲಿಯಾದರೆ, ಮರಗಟ್ಟಿದರೆ ಬಿಗಿ ಹೆಚ್ಚಾಗಿದೆ, ಸಡಿಲಿಸಿ.

ಗಾಯದಲ್ಲಿ ಚಾಕು, ಕಬ್ಬಿಣದ ಸರಳು, ಗಾಜಿನ ದೊಡ್ಡ ಚೂರು ಹೊಕ್ಕಿದ್ದರೆ ಕೀಳಬಾರದು. ಒಳಗೆ ಹರಿದ ನಾಳಕ್ಕೆ ಸದ್ಯ ಅದೇ ಬಿರಡೆಯಾಗಿರಬಹುದು. ಅದು ಅಲುಗದಂತೆ ಎರಡೂ ಪಕ್ಕ ಬಟ್ಟೆ ಒತ್ತಿ ಆಸ್ಪತ್ರೆಗೆ ಒಯ್ಯಿರಿ. ಕೈಕಾಲನ್ನು ಎದೆಯಿಂದ ಮೇಲಕ್ಕೆ ಎತ್ತಿ ಹಿಡಿಯುವ ಹಳೆಯ ಸಲಹೆಯಿಂದ ಹಾನಿಯೇನಿಲ್ಲ, ಆದರೆ ಒತ್ತುವ ಬದಲು ಎತ್ತಿ ಹಿಡಿದರೆ ಪ್ರಯೋಜನವೂ ಇಲ್ಲ.

ಒತ್ತಿದರೂ ನಿಲ್ಲದಾಗ

ತೋಳು ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಡಕ್ಕೆ ಬಗ್ಗದಿದ್ದರೆ ಟೂರ್ನಿಕೆಟ್, ಅಂದರೆ ಕೈಕಾಲನ್ನು ಬಿಗಿದು ರಕ್ತದ ಹರಿವನ್ನೇ ತಡೆಯುವ ಪಟ್ಟಿ. ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಎದೆಯ ಕಡೆಗೆ ಕಟ್ಟಬೇಕು. ಮೊಣಕೈ, ಮೊಣಕಾಲಿನ ಕೀಲಿನ ಮೇಲೆ ಬೇಡ. ಸಿದ್ಧ ಟೂರ್ನಿಕೆಟ್ ಇಲ್ಲದಿದ್ದರೆ 4-5 ಸೆಂಟಿಮೀಟರ್ ಅಗಲದ ಬಟ್ಟೆಯ ಪಟ್ಟಿ ಕಟ್ಟಿ, ಗಂಟಿನೊಳಗೆ ಗಟ್ಟಿ ಕೋಲು ಸಿಕ್ಕಿಸಿ, ರಕ್ತ ನಿಲ್ಲುವ ತನಕ ತಿರುಚಿ ಕೋಲನ್ನು ಭದ್ರಪಡಿಸಿ. ತಂತಿ, ಹುರಿ ಮಾಂಸವನ್ನೇ ಕತ್ತರಿಸುತ್ತವೆ. ನೋವಾಗುತ್ತದೆ ಎಂದು ಅರೆಬರೆ ಬಿಗಿಯುವುದು ಕಟ್ಟದಿರುವುದಕ್ಕಿಂತ ಕೆಟ್ಟದ್ದು: ರಕ್ತ ಹಿಂದಿರುಗುವ ಅಭಿಧಮನಿ ಮುಚ್ಚಿಹೋಗಿ, ಅಪಧಮನಿ ಮಾತ್ರ ತೆರೆದಿದ್ದು ಸ್ರಾವ ಇನ್ನೂ ಹೆಚ್ಚುತ್ತದೆ. ಕಟ್ಟಿದ ಗಂಟೆಯನ್ನು ಕಾಣುವಂತೆ ಬರೆದಿಡಿ. ನಡುನಡುವೆ ಸಡಿಲಿಸಿ ನೋಡಬೇಡಿ, ಬಿಚ್ಚುವುದು ವೈದ್ಯರ ಕೆಲಸ. ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಅಂಗಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಹಾವು ಕಚ್ಚಿದ್ದಕ್ಕೆ ಮಾತ್ರ ಟೂರ್ನಿಕೆಟ್ ಕಟ್ಟಲೇಬಾರದು.

ತೊಡೆಯ ಸಂದು, ಕಂಕುಳು ಮುಂತಾದೆಡೆ ಪಟ್ಟಿ ಕಟ್ಟಲಾಗದು. ಅಲ್ಲಿ ಗಾಜ್ ಪಟ್ಟಿಯನ್ನು ಬೆರಳಿನಿಂದ ಗಾಯದ ತಳಕ್ಕೆ ತುರುಕುತ್ತ ತುಂಬಿಸಿ ಮೇಲಿಂದ ಮೈಭಾರ ಹಾಕಿ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಹೀಗೆ ತುರುಕುವಂತಿಲ್ಲ.

ಇನ್ನು ಎಲ್ಲರೂ ಮರೆಯುವ ಒಂದು ಕೆಲಸ: ಗಾಯಾಳುವನ್ನು ಬೆಚ್ಚಗಿಡುವುದು. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವು ಕಿಣ್ವಗಳು, ಮೈ ತಣ್ಣಗಾದಂತೆ ಅವು ನಿಧಾನವಾಗುತ್ತವೆ, ಪ್ಲೇಟ್‌ಲೆಟ್‌ಗಳೂ ಮಂದವಾಗುತ್ತವೆ. ರಕ್ತ ಹೋದವರ ಮೈ ತಾನಾಗಿ ತಣ್ಣಗಾಗುತ್ತದೆ, ತಣ್ಣಗಾದವರ ರಕ್ತ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದೆ ಇನ್ನಷ್ಟು ರಕ್ತ ಹೋಗುತ್ತದೆ. ಈ ಸುಳಿಯನ್ನು ಒಂದು ಕಂಬಳಿ ಅಷ್ಟಿಷ್ಟು ತಡೆಯಬಲ್ಲದು. ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಮೇಲೂ ಕೆಳಗೂ ಹೊದಿಸಿ. ಕುಡಿಯಲು, ತಿನ್ನಲು ಕೊಡಬೇಡಿ.

ಆಸ್ಪತ್ರೆಗೆ ಬೇಗ ಮುಟ್ಟಿಸುವುದಕ್ಕೆ ಇನ್ನೊಂದು ಕಾರಣವಿದೆ. ದೇಹ ಹೆಪ್ಪು ಕಟ್ಟುತ್ತಿರುವಾಗಲೇ ಪ್ಲಾಸ್ಮಿನ್ ಎಂಬ ಕಿಣ್ವದಿಂದ ಅದನ್ನು ಕರಗಿಸುವ ಕೆಲಸವನ್ನೂ ಶುರುಮಾಡಿರುತ್ತದೆ. ಭಾರೀ ಗಾಯದಲ್ಲಿ ಈ ಕರಗಿಸುವಿಕೆ ಹದ ಮೀರಬಹುದು. ಅದನ್ನು ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಔಷಧವನ್ನು ಜಪಾನಿನ ಉತಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಬೆಳಕಿಗೆ ತಂದರು. 2010ರಲ್ಲಿ ಪ್ರಕಟವಾದ, 20,000ಕ್ಕೂ ಹೆಚ್ಚು ಗಾಯಾಳುಗಳ ಕ್ರ್ಯಾಶ್-2 ಪ್ರಯೋಗದಿಂದ ಅದು ಜೀವ ಉಳಿಸುತ್ತದೆ ಎಂದು ಖಚಿತವಾಯಿತು. ಆದರೆ ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ.

ಮೂಗು, ಹಲ್ಲು, ನೆತ್ತಿ

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬಾರದು. ರಕ್ತ ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ, ವಾಂತಿಯಾಗುತ್ತದೆ. ಕುಳಿತು ತುಸು ಮುಂದಕ್ಕೆ ಬಾಗಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಅದುಮಿ ಬಾಯಲ್ಲಿ ಉಸಿರಾಡುತ್ತ 10ರಿಂದ 15 ನಿಮಿಷ ಹಿಡಿಯಿರಿ. ಹೆಚ್ಚಿನ ಸಲ ರಕ್ತ ಬರುವುದು ಮೂಗಿನ ನಡುಗೋಡೆಯ ಮುಂಭಾಗದಿಂದ, ಆ ಜಾಗಕ್ಕೆ ಬೆರಳ ಒತ್ತಡ ನೇರ ತಲುಪುತ್ತದೆ. ಮೂಗಿನ ಮೇಲಿನ ಗಟ್ಟಿ ಮೂಳೆಯನ್ನು ಅದುಮಿದರೆ ಏನೂ ಆಗದು. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ.

ಹಲ್ಲು ಕೀಳಿಸಿದ ಮೇಲೆ ಗಾಜ್ ಉಂಡೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಜೊಲ್ಲಿನಲ್ಲಿ ಫೈಬ್ರಿನ್ ಕರಗಿಸುವ ಗುಣ ಇರುವುದರಿಂದ ಬಾಯಿಯ ಹೆಪ್ಪು ನಾಜೂಕು. ಒಂದು ದಿನ ಜೋರಾಗಿ ಬಾಯಿ ಮುಕ್ಕಳಿಸುವುದು, ಸ್ಟ್ರಾ ಹಾಕಿ ಹೀರುವುದು, ಪದೇಪದೇ ಉಗುಳುವುದು, ಸಿಗರೇಟು ಎಲ್ಲ ಬಂದ್.

ನೆತ್ತಿಯ ಚರ್ಮದ ನಾಳಗಳು ಗಟ್ಟಿ ನಾರಿನ ನಡುವೆ ಸಿಕ್ಕಿಕೊಂಡಿರುವುದರಿಂದ ಕುಗ್ಗಲಾರವು. ಹಾಗಾಗಿ ತಲೆಯ ಸಣ್ಣ ಗಾಯವೂ ಮುಖವೆಲ್ಲ ರಕ್ತ ಮಾಡುತ್ತದೆ. ಅಡಿಯಲ್ಲಿ ಗಟ್ಟಿ ಬುರುಡೆ ಇರುವುದರಿಂದ ಒತ್ತಿದರೆ ಬೇಗ ನಿಲ್ಲುವುದೂ ಇಲ್ಲೇ. ಬುರುಡೆಯೇ ತಗ್ಗಾದಂತೆ ತೋರಿದರೆ ಒತ್ತಬೇಡಿ, ಮೇಲೆ ಬಟ್ಟೆ ಮುಚ್ಚಿ ಸಾಗಿಸಿ.

ರಕ್ತ ನಿಂತ ಮೇಲೆ

ಸಣ್ಣ ಗಾಯವನ್ನು ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ನೊರೆ ಏಳಿಸುವ ಹೈಡ್ರೋಜನ್ ಪೆರಾಕ್ಸೈಡು ಕ್ರಿಮಿಗಳ ಜೊತೆ ಹೊಸ ಜೀವಕೋಶಗಳನ್ನೂ ಸುಡುತ್ತದೆ. ಅಂಚುಗಳು ಬಾಯಿಬಿಟ್ಟುಕೊಂಡಿದ್ದರೆ, ಒಳಗೆ ಕೊಬ್ಬು ಕಾಣುತ್ತಿದ್ದರೆ, ಬೆರಳು ಮಡಚಲಾಗದಿದ್ದರೆ, ಮುಖದ ಮೇಲಿದ್ದರೆ ಹೊಲಿಗೆ ಬೇಕಾದೀತು, ಅದೇ ದಿನ ತೋರಿಸಿ. ಮಣ್ಣು, ತುಕ್ಕು ಸೇರಿದ ಗಾಯವಾಗಿ ಧನುರ್ವಾಯು ಚುಚ್ಚುಮದ್ದು ಪಡೆದು ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಪ್ರಾಣಿ ಕಚ್ಚಿದ್ದಾದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಓಡಿ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬ ನಂಬಿಕೆ ಬಹಳ ಗಟ್ಟಿ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಉಲ್ಟಾ ಹೇಳಿತು: ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತು. ಒಣ ಹಕ್ಕಳೆಯಡಿ ಹೊಸ ಕೋಶಗಳು ತೇವ ಹುಡುಕಿಕೊಂಡು ಆಳದಲ್ಲಿ ಸುತ್ತಿ ಬರಬೇಕಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ, ಪಟ್ಟಿ ಮುಚ್ಚಿ, ದಿನಕ್ಕೊಮ್ಮೆ ಬದಲಿಸಿ. ಪಟ್ಟಿ ಅಂಟಿಕೊಂಡಿದ್ದರೆ ಕಿತ್ತು ಎಳೆಯಬೇಡಿ. ಅಂಟಿರುವುದು ಫೈಬ್ರಿನ್, ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ನೆನೆಸಿದರೆ ತಾನಾಗಿ ಬಿಡುತ್ತದೆ. ಕೆಂಪು ಹರಡುತ್ತಿದ್ದರೆ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಜ್ವರ ಬಂದರೆ ಸೋಂಕು.

ಚರ್ಮ ಒಡೆಯದೆ ಒಳಗೇ ರಕ್ತ ಕೂಡಿಕೊಂಡು ಕಪ್ಪುಗಟ್ಟಿದರೆ ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಅದು ಮುಂದೆ ಹಸಿರಾಗಿ, ಹಳದಿಯಾಗಿ ಮಾಯವಾಗುವುದು ಹಿಮೊಗ್ಲೋಬಿನ್ ಒಡೆದು ಬಿಲಿವರ್ಡಿನ್, ಬಿಲಿರುಬಿನ್ ಆಗುವುದರಿಂದ. ಎರಡು ವಾರದೊಳಗೆ ಸಾಮಾನ್ಯವಾಗಿ ಹೋಗುತ್ತದೆ.

ಯಾರಲ್ಲಿ ಈ ಹತ್ತು ನಿಮಿಷ ಸಾಲದು

ಆಸ್ಪಿರಿನ್ ತೆಗೆದುಕೊಂಡವರಲ್ಲಿ ಪ್ಲೇಟ್‌ಲೆಟ್ ಥ್ರಾಂಬಾಕ್ಸೇನ್ ತಯಾರಿಸಲಾರದು. ಕೋಶಕೇಂದ್ರ ಇಲ್ಲದ್ದರಿಂದ ಕೆಟ್ಟ ಕಿಣ್ವವನ್ನು ಹೊಸದಾಗಿ ಮಾಡಿಕೊಳ್ಳುವ ದಾರಿಯೂ ಅದಕ್ಕಿಲ್ಲ. ಹಾಗಾಗಿ ಒಂದೇ ಮಾತ್ರೆಯ ಪರಿಣಾಮ ಆ ಪ್ಲೇಟ್‌ಲೆಟ್ ಸಾಯುವವರೆಗೆ, ವಾರದ ಮೇಲೂ ಇರುತ್ತದೆ. ಐಬುಪ್ರೊಫೆನ್ನಿನದು ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಗಾಯದ ನೋವಿಗೆ ಪ್ಯಾರಾಸಿಟಮಾಲ್ ವಾಸಿ ಎನ್ನುವುದು ಇದಕ್ಕೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ದಾರಿ ಬೇರೆ. ಯಕೃತ್ತು 2, 7, 9, 10ನೆಯ ಅಂಶಗಳನ್ನು ಪೂರ್ಣಗೊಳಿಸಲು ಬೇಕಾದ ವಿಟಮಿನ್ ಕೆ ಕೆಲಸವನ್ನು ಅದು ತಡೆಯುತ್ತದೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್ಆರ್ ಎಂಬ ಪರೀಕ್ಷೆಯ ಅಂಕಿ ಸಾಮಾನ್ಯರಲ್ಲಿ 1ರ ಆಸುಪಾಸು, ವಾರ್ಫರಿನ್ ಸೇವಿಸುವವರಲ್ಲಿ ಹೆಚ್ಚಾಗಿ 2ರಿಂದ 3ರ ನಡುವೆ ಇಡುತ್ತಾರೆ. ಇಂಥವರು ಗಾಯವನ್ನು 15-20 ನಿಮಿಷ ಒತ್ತಬೇಕು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಹೃದಯದಲ್ಲೋ ಮಿದುಳಿನಲ್ಲೋ ಹೆಪ್ಪುಗಟ್ಟುವುದು ಬೆರಳ ಗಾಯಕ್ಕಿಂತ ದೊಡ್ಡ ಅಪಾಯ. ನವಜಾತ ಶಿಶುಗಳಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಡಿಮೆ, ಅದಕ್ಕೇ ಹುಟ್ಟಿದೊಡನೆ ಅದರ ಚುಚ್ಚುಮದ್ದು ಕೊಡುತ್ತಾರೆ. ಬೇಡ ಎನ್ನಬೇಡಿ.

ಹಿಮೊಫಿಲಿಯಾದಲ್ಲಿ 8ನೆಯ ಅಥವಾ 9ನೆಯ ಅಂಶ ಕೊರತೆ. ಪ್ಲೇಟ್‌ಲೆಟ್ ಬಿರಡೆ ಸರಿಯಾಗಿ ಬೀಳುವುದರಿಂದ ಮೊದಲು ರಕ್ತ ನಿಂತಂತೆ ಕಾಣುತ್ತದೆ, ಫೈಬ್ರಿನ್ ಬಲೆ ಬಾರದೆ ಕೆಲವು ಗಂಟೆಗಳ ಮೇಲೆ ಮತ್ತೆ ಶುರುವಾಗುತ್ತದೆ, ಕೀಲುಗಳೊಳಗೂ ತುಂಬುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಅಥವಾ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ತದ್ವಿರುದ್ಧ: ಮೊದಲಿನಿಂದಲೇ ನಿಲ್ಲದು. ವಸಡು, ಮೂಗಿನಿಂದ ಜಿನುಗುತ್ತದೆ. ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ ಕಾಲಿನ ಮೇಲೆ ಒತ್ತಿದರೂ ಮಾಯವಾಗದ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳುತ್ತವೆ. ಮುಟ್ಟಿನ ರಕ್ತ ಏಳು ದಿನ ದಾಟುವುದು, ಗಂಟೆಗೊಂದು ಪ್ಯಾಡ್ ತೊಯ್ಯುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಗುರುತಾಗಿರಬಹುದು, ವರ್ಷಗಟ್ಟಲೆ ಎಷ್ಟೋ ಹೆಂಗಸರು ಅದನ್ನು ಸಹಜವೆಂದುಕೊಂಡು ಸಹಿಸಿರುತ್ತಾರೆ.

ಇಂಥದ್ದೇನಾದರೂ ಇದ್ದರೆ ಹಲ್ಲು ಕೀಳಿಸುವ, ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ವೈದ್ಯರಿಗೆ ಹೇಳಿ: ಹಿಂದೆ ಯಾವ ಗಾಯ ಎಷ್ಟು ಹೊತ್ತು ಸುರಿಯಿತು, ರಕ್ತಸಂಬಂಧಿಗಳಲ್ಲಿ ಯಾರಿಗೆ ಹೀಗಿದೆ, ಈಗ ಯಾವ ಮಾತ್ರೆ ನಡೆಯುತ್ತಿದೆ. ಚೀಟಿಯಿಲ್ಲದೆ ಅಂಗಡಿಯಿಂದ ತಂದ ನೋವಿನ ಮಾತ್ರೆಯ ಹೆಸರನ್ನೂ ಆ ಪಟ್ಟಿಗೆ ಸೇರಿಸಿ.